ಎಡಿಸನ್‌ನ ಓಕ್ ಟ್ರೀ ರಸ್ತೆ: ಯಾವ ಊಟಕ್ಕೆ ಯಾವ ಹೋಟೆಲ್?

ನ್ಯೂಜೆರ್ಸಿಯ ಎಡಿಸನ್‌ಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಇಲ್ಲಿ ಒಳ್ಳೆ ಇಂಡಿಯನ್ ಹೋಟೆಲ್ ಯಾವುದು?" ಅಮೆರಿಕದ ಯಾವುದೋ ಸಣ್ಣ ಊರಲ್ಲಾದರೆ ಇದಕ್ಕೆ ಉತ್ತರ ಸುಲಭ. ಇರುವುದೇ ಒಂದು, ಅಲ್ಲಿಗೇ ಹೋಗಬೇಕು. ಆದರೆ ಎಡಿಸನ್ ಮತ್ತು ಪಕ್ಕದ ಇಸೆಲಿನ್ ಎರಡರಲ್ಲೂ ಹಾದುಹೋಗುವ ಓಕ್ ಟ್ರೀ ರಸ್ತೆಯಲ್ಲಿ ಗುಜರಾತಿ ಥಾಲಿ, ಮದ್ರಾಸಿನ ಟಿಫನ್, ಪಂಜಾಬಿ ಬಫೆ, ಹೈದರಾಬಾದಿ ಬಿರಿಯಾನಿ, ಪಾಕಿಸ್ತಾನಿ ಕಬಾಬ್, ಮುಂಬೈ ಚಾಟ್ ಎಲ್ಲವೂ ಒಂದೆರಡು ಮೈಲಿಯೊಳಗೇ ಸಿಗುತ್ತವೆ. ಇಲ್ಲಿ ಸ್ಟಾರ್ ರೇಟಿಂಗ್ ಮಾತ್ರ ನೋಡಿ ಹೋದರೆ ಸಾಲದು. ನಾಲ್ಕೂವರೆ ಸ್ಟಾರ್ ಇರುವ ಪಂಜಾಬಿ ಹೋಟೆಲಿಗೆ ಹೋಗಿ ಇಡ್ಲಿ ಕೇಳಿದರೆ ಆ ಸ್ಟಾರ್‌ಗಳಿಂದ ಏನೂ ಪ್ರಯೋಜನವಿಲ್ಲ.

ನಾನು ಕೇಳಿದವರಿಗೆಲ್ಲ ಹೇಳುವ ಮಾತು ಇಷ್ಟೇ. ಆ ಅಡುಗೆಮನೆ ತನ್ನ ಊರಿನ ಜನಕ್ಕೆ ಏನು ಮಾಡಿ ಹಾಕುತ್ತದೋ ಅದನ್ನು ತಿನ್ನಿ. ಮೆನುವಿನಲ್ಲಿ ನೂರೈವತ್ತು ಐಟಂ ಇರಬಹುದು. ಬಾಣಸಿಗರ ಕೈಗೆ ಚೆನ್ನಾಗಿ ಪಳಗಿರುವುದು ಅದರಲ್ಲಿ ಹತ್ತು ಹದಿನೈದು ಮಾತ್ರ. ಆ ಹತ್ತು ಹದಿನೈದು ಯಾವುವು ಅಂತ ಪತ್ತೆ ಮಾಡುವುದು ಹೇಗೆ, ಯಾವ ಹೊತ್ತಿಗೆ, ಯಾರ ಜೊತೆ ಹೋದಾಗ ಯಾವುದು ಸರಿ ಅಂತ ಇಲ್ಲಿ ಬರೆದಿದ್ದೇನೆ.

ಈ ರಸ್ತೆ ಹೀಗೆ ಬೆಳೆದ ಕಾರಣ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. 1965ರ ವಲಸೆ ಕಾನೂನಿನ ನಂತರ ಭಾರತದಿಂದ ನ್ಯೂಜೆರ್ಸಿಗೆ ಬಂದವರ ಅಂಗಡಿಗಳು ಮೊದಲು ಬೆಳೆದದ್ದು ಜೆರ್ಸಿ ಸಿಟಿಯ ನ್ಯೂವಾರ್ಕ್ ಅವೆನ್ಯೂದಲ್ಲಿ. ಮಕ್ಕಳು ದೊಡ್ಡವರಾದ ಹಾಗೆ ಒಳ್ಳೆ ಶಾಲೆ, ಅಂಗಳ ಇರುವ ಮನೆ ಅಂತ ಜನ ಎಡಿಸನ್ ಕಡೆ ಬಂದರು. ಅವರ ಹಿಂದೆ ಅಂಗಡಿಗಳೂ ಬಂದವು. ಮೊದಲು ಅಂಗಡಿ ಇಟ್ಟವರಲ್ಲಿ ಗುಜರಾತಿಗಳು ಜಾಸ್ತಿ. ಅದಕ್ಕೇ ಇಲ್ಲಿ ಫರ್ಸಾಣ್ (ಗುಜರಾತಿ ಖಾರದ ತಿಂಡಿ), ಮಿಠಾಯಿ, ಥಾಲಿಯ ಬೇರು ಆಳವಾಗಿದೆ. 1990ರ ಕಾನೂನಿನಿಂದ ಎಚ್-1ಬಿ ವೀಸಾ ಬಂತು. ಅದರ ಮೇಲೆ ಬಂದ ಸಾಫ್ಟ್‌ವೇರ್ ಮಂದಿಯಲ್ಲಿ ತೆಲುಗರು, ತಮಿಳರು, ನಮ್ಮವರು ಹೆಚ್ಚು. ದೋಸೆ, ಬಿರಿಯಾನಿ ಹೋಟೆಲುಗಳು ಹೆಚ್ಚಿದ್ದು ಆಮೇಲೆ. 2020ರ ಜನಗಣತಿಯಲ್ಲಿ ಎಡಿಸನ್‌ನ ಜನಸಂಖ್ಯೆ 1,07,588. ಅದರಲ್ಲಿ ಸುಮಾರು ಅರ್ಧದಷ್ಟು ಜನ ಏಷ್ಯಾ ಮೂಲದವರು. ಹಾಗಾಗಿ ಇಲ್ಲಿನ ಹೋಟೆಲುಗಳು ಬದುಕುವುದು ನಮ್ಮ ನಾಲಿಗೆಯನ್ನೇ ನಂಬಿಕೊಂಡು. ಅಮೆರಿಕನ್ನರಿಗೆ ಹಿಡಿಸಲಿ ಅಂತ ಖಾರ ಕಡಿಮೆ ಮಾಡಬೇಕಾದ ಗರಜು ಅವರಿಗಿಲ್ಲ.

ದೋಸೆ, ಇಡ್ಲಿ: ಮೊದಲು ಚಟ್ನಿ ನೋಡಿ

ಕನ್ನಡಿಗರು ಮೊದಲು ಹುಡುಕುವುದು ಇದನ್ನೇ ಅಲ್ವಾ. ಓಕ್ ಟ್ರೀ ರಸ್ತೆಯಲ್ಲಿ ಶರವಣ ಭವನದ ಶಾಖೆ ಇದೆ. 1981ರಲ್ಲಿ ಚೆನ್ನೈನ ಕೆ.ಕೆ. ನಗರದಲ್ಲಿ ಶುರುವಾದ ಹೋಟೆಲ್ ಅದು. ಇದರ ಜೊತೆಗೆ ಬೇರೆ ತಮಿಳು ಹೋಟೆಲುಗಳಿವೆ, ತೆಲುಗರ ಟಿಫನ್ ಹೋಟೆಲುಗಳಿವೆ. ಉತ್ತರ ಭಾರತದ ಹೋಟೆಲುಗಳ ಮೆನುವಿನ ಕೊನೆ ಪುಟದಲ್ಲಿ 'ಸೌತ್ ಇಂಡಿಯನ್' ಅಂತ ಒಂದು ಪಟ್ಟಿಯೂ ಇರುತ್ತದೆ. ಈ ಮೂರೂ ಬೇರೆ ಬೇರೆ.

ತಟ್ಟೆ ಬಂದ ತಕ್ಷಣ ಚಟ್ನಿ ನೋಡಿದರೆ ಅಡುಗೆಮನೆ ಯಾರದು ಅಂತ ಗೊತ್ತಾಗುತ್ತದೆ. ಕಡಲೆಕಾಯಿ ಚಟ್ನಿ, ಸಿಹಿ-ಖಾರದ ಶುಂಠಿ ಚಟ್ನಿ ಬಂದರೆ ಅದು ತೆಲುಗರ ಕೈ. ಅಲ್ಲಿ ತುಪ್ಪ, ಕಾರಂಪುಡಿ ಹಾಕಿದ ಇಡ್ಲಿ ಹೇಳಿ, ಪೆಸರಟ್ಟು ಹೇಳಿ. ಬಿಳಿ ಕಾಯಿಚಟ್ನಿ, ಕೆಂಪು ಟೊಮ್ಯಾಟೊ ಚಟ್ನಿ, ಹಸಿರು ಕೊತ್ತಂಬರಿ ಚಟ್ನಿ ಮೂರೂ ಸಾಲಾಗಿ ಬಂದರೆ ತಮಿಳರದ್ದು. ಅಲ್ಲಿ ಪೊಂಗಲ್, ಮೆದುವಡೆ, ಸಾಂಬಾರ್ ಇಡ್ಲಿ, ರವಾದೋಸೆ. ಉಡುಪಿ ಸಾಂಬಾರಿನ ಆ ತೆಂಗಿನಕಾಯಿ ಮಸಾಲೆ, ಬೆಲ್ಲದ ಸಿಹಿ ಬೇಕು ಅಂತ ಹೋದರೆ ಎರಡು ಕಡೆಯೂ ನಿರಾಸೆಯೇ. ತಮಿಳು ಸಾಂಬಾರಿನಲ್ಲಿ ಬೆಲ್ಲ ಹುಡುಕಬೇಡಿ, ಅದರ ರುಚಿಯೇ ಬೇರೆ. ಅದನ್ನು ಅದರ ಹಾಗೇ ತಿಂದರೆ ತುಂಬಾ ಚೆನ್ನಾಗಿರುತ್ತದೆ. ಬಿಸಿಬೇಳೆಬಾತ್ ಅಂತ ಮೆನುವಿನಲ್ಲಿದ್ದರೆ ಒಮ್ಮೆ ಯೋಚಿಸಿ. ಬಹಳ ಸಲ ಬರುವುದು ಸಾಂಬಾರ್ ಸಾದಂ, ಮೇಲೆ ಒಂದಿಷ್ಟು ಬೂಂದಿ. ಮೈಸೂರು ಮಸಾಲೆಯೂ ಅಷ್ಟೇ. ಒಳಗೆ ಕೆಂಪು ಚಟ್ನಿ ಹಚ್ಚುತ್ತಾರೆ, ಅದು ಖಾರವಾಗಿ ಇರುತ್ತದೆ. ಆದರೆ ನಮ್ಮ ಕಡೆಯ ಆ ಹೊರಗೆ ಗರಿ, ಒಳಗೆ ಮೆತ್ತಗಿನ ದಪ್ಪ ದೋಸೆ ಬರುವುದು ಅಪರೂಪ.

ಉತ್ತರ ಭಾರತದ ಹೋಟೆಲಿನ ದೋಸೆ ಬೇಡ ಅನ್ನುವುದಕ್ಕೆ ಒಂದು ಗಟ್ಟಿ ಕಾರಣ ಇದೆ. ದೋಸೆ ಕೆಟ್ಟುಹೋಗುವುದು ಹೆಚ್ಚಾಗಿ ಹಿಟ್ಟಿನಿಂದ. ದಿನಕ್ಕೆ ನೂರಾರು ದೋಸೆ ಹುಯ್ಯುವ ಕಡೆ ಹಿಟ್ಟು ಅಂದಂದಿಗೆ ಖಾಲಿಯಾಗುತ್ತದೆ, ಮರುದಿನಕ್ಕೆ ಹೊಸದಾಗಿ ರುಬ್ಬುತ್ತಾರೆ. ದಿನಕ್ಕೆ ನಾಲ್ಕೈದು ದೋಸೆ ಹೋಗುವ ಕಡೆ ಅದೇ ಹಿಟ್ಟು ಫ್ರಿಜ್ಜಿನಲ್ಲಿ ಕೂತಿರುತ್ತದೆ, ಹುಳಿ ಏರುತ್ತದೆ. ಕಾವಲಿಯೂ ಹಾಗೇ. ಬೆಳಗಿನಿಂದ ಒಂದೇ ಸಮ ಕಾದ ಕಾವಲಿಯ ಮೇಲೆ ಹುಯ್ದ ದೋಸೆಯ ಬಣ್ಣವೇ ಬೇರೆ. ಜನವರಿಯಲ್ಲಿ ಇಲ್ಲಿ ಹೊರಗಿನ ಚಳಿ ಸೊನ್ನೆ ಡಿಗ್ರಿ ಆಸುಪಾಸು ಇರುತ್ತದೆ. ಹಿಟ್ಟು ಹುದುಗಿಸುವುದಕ್ಕೇ ಒಂದು ಬೆಚ್ಚಗಿನ ಜಾಗ ಬೇಕು. ದೋಸೆಯೇ ಮುಖ್ಯ ವ್ಯಾಪಾರ ಆಗಿರುವವರು ಮಾತ್ರ ಆ ಕಷ್ಟ ತಗೊಳ್ಳುತ್ತಾರೆ.

ಕಾಫಿಯ ಬಗ್ಗೆ ಒಂದು ಮಾತು. ಹೇಳುವ ಮುಂಚೆ "ಡಿಕಾಕ್ಷನ್ ಹಾಕುತ್ತೀರಾ?" ಅಂತ ಕೇಳಿಬಿಡಿ. ಇಲ್ಲ ಅಂದರೆ ಚಹಾ ಹೇಳಿ.

ಶನಿವಾರ, ಭಾನುವಾರ ಬೆಳಗ್ಗೆ ಬಾಗಿಲು ತೆಗೆದ ಒಂದು ಗಂಟೆಯೊಳಗೆ ಹೋಗುವುದು ಒಳ್ಳೆಯದು. ಹನ್ನೊಂದೂವರೆ ದಾಟಿದರೆ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕಾಗುತ್ತದೆ. ಪಾರ್ಸೆಲ್ ಮಾತ್ರ ಬೇಡ. ಮುಚ್ಚಿದ ಡಬ್ಬಿಯ ಹಬೆಗೆ ಐದೇ ನಿಮಿಷದಲ್ಲಿ ದೋಸೆ ಒದ್ದೆಯಾಗುತ್ತದೆ. ಮನೆಗೆ ತರಬೇಕಿದ್ದರೆ ಇಡ್ಲಿ, ಪೊಂಗಲ್ ತನ್ನಿ.

ಗುಜರಾತಿ ಥಾಲಿಯೋ, ಪಂಜಾಬಿ ಬಫೆಯೋ?

ಎರಡೂ ಹೊಟ್ಟೆ ತುಂಬಾ ಊಟ. ಬೆಲೆಯಲ್ಲೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ನನ್ನ ಒಲವು ಥಾಲಿಯ ಕಡೆಗೇ.

ಬಫೆಯಲ್ಲಿ ಅಡುಗೆ ದೊಡ್ಡ ಟ್ರೇಗಳಲ್ಲಿ ಬಿಸಿನೀರಿನ ಮೇಲೆ ಕೂತಿರುತ್ತದೆ. ದಾಲ್ ಮಖನಿ, ಛೋಲೆ, ಬಟರ್ ಚಿಕನ್ ಥರದ್ದಕ್ಕೆ ಅದರಿಂದ ತೊಂದರೆ ಇಲ್ಲ, ಕುದ್ದಷ್ಟೂ ರುಚಿ ಏರುತ್ತದೆ. ಭಿಂಡಿ, ಪಕೋಡ, ನಾನ್ ಮಾತ್ರ ಇಪ್ಪತ್ತು ನಿಮಿಷದಲ್ಲಿ ಸೋತುಹೋಗುತ್ತವೆ. ಹಾಗಾಗಿ ಬಫೆಗೆ ಹೋದರೆ ಬೇಳೆ, ಕಾಳು, ಗ್ರೇವಿ ಹಾಕಿಕೊಳ್ಳಿ, ನಾನ್ ಅನ್ನು ಟೇಬಲ್ಲಿಗೇ ಬಿಸಿಯಾಗಿ ತರುತ್ತಾರಾ ಅಂತ ಕೇಳಿ. ಮಧ್ಯಾಹ್ನ ಹನ್ನೆರಡಕ್ಕೆ ಹೋಗುವುದಕ್ಕೂ ಎರಡೂವರೆಗೆ ಹೋಗುವುದಕ್ಕೂ ಅಜಗಜಾಂತರ. ಹತ್ತು ಜನ ಆಫೀಸಿನವರು ಒಟ್ಟಿಗೆ ಹೋಗುವಾಗ, ಅವರಲ್ಲಿ ಅರ್ಧದಷ್ಟು ಜನ ನಮ್ಮ ಊಟ ಮೊದಲ ಸಲ ತಿನ್ನುವಾಗ, ಬಫೆಯೇ ಸರಿ. ನೋಡಿಕೊಂಡು ಹಾಕಿಕೊಳ್ಳಬಹುದು, ಯಾರಿಗೂ ಮುಜುಗರ ಇಲ್ಲ. ಮೆನು ನೋಡಿ ಹೇಳುವ ಪಂಜಾಬಿ-ಮೊಘಲಾಯಿ ಊಟಕ್ಕಾದರೆ ಓಕ್ ಟ್ರೀ ರಸ್ತೆಯ ಹಳೆಯ ಹೆಸರು 'ಮೊಘಲ್'. ಹುಟ್ಟುಹಬ್ಬ, ನಿಶ್ಚಿತಾರ್ಥದ ಊಟಕ್ಕೆ ಅಂಥ ಕಡೆ ಕೂತು ತಿನ್ನುವುದು ಚೆಂದ.

ಥಾಲಿಯದ್ದು ಇನ್ನೊಂದು ರೀತಿ. ನೀವು ಕೂತಲ್ಲಿಗೇ ಬಡಿಸುತ್ತಾರೆ. ತೆಳ್ಳಗಿನ ರೋಟ್ಲಿ, ಮೇಲೆ ತುಪ್ಪ ಸವರಿ, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಎರಡು ಪಲ್ಯ, ಒಂದು ಕಾಳು, ದಾಲ್ ಇಲ್ಲವೇ ಕಢಿ, ಒಂದು ಫರ್ಸಾಣ್, ಒಂದು ಸಿಹಿ, ಕೊನೆಗೆ ಖಿಚಡಿ ಅಥವಾ ಅನ್ನ, ಮಜ್ಜಿಗೆ. ಬಾಳೆಲೆ ಊಟಕ್ಕೆ ಕೂತು ಅಭ್ಯಾಸ ಇರುವ ನಮ್ಮ ಹಿರಿಯರಿಗೆ ಈ ಬಡಿಸುವ ಕ್ರಮ ತುಂಬಾ ಹಿಡಿಸುತ್ತದೆ. ಗುಜರಾತಿ ದಾಲಿಗೆ ಬೆಲ್ಲ, ಹುಳಿ ಎರಡೂ ಬೀಳುತ್ತವೆ. ಉಡುಪಿ, ಮಂಗಳೂರು ಕಡೆಯವರಿಗೆ ಮನೆಯ ಸಾರಿನ ಸಿಹಿ-ಹುಳಿ ಈ ರಸ್ತೆಯಲ್ಲಿ ಹೆಚ್ಚು ಹತ್ತಿರ ಸಿಗುವುದು ಗುಜರಾತಿ ದಾಲಿನಲ್ಲೇ ಅಂತ ನನಗನ್ನಿಸುತ್ತದೆ. ಖಾರ ಇಷ್ಟಪಡುವ ಉತ್ತರ ಕರ್ನಾಟಕದವರಿಗೆ ಮಾತ್ರ ಇದು ಸಪ್ಪೆ. ಅವರು ಕಾಠಿಯಾವಾಡಿ (ಗುಜರಾತಿನ ಸೌರಾಷ್ಟ್ರದ ಕಡೆಯದು) ಅಂತ ಬರೆದಿರುವ ಊಟ ಹುಡುಕಲಿ. ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಸುಟ್ಟ ಬದನೆಕಾಯಿಯ ಒಳೋ, ಸೇವ್-ಟಮೇಟಾ. ಜೊತೆಗೆ ಹಸಿ ಈರುಳ್ಳಿ, ಬೆಲ್ಲ ಇಡುತ್ತಾರೆ. ಧಾರವಾಡದವರಿಗೆ ಇದು ಖಂಡಿತ ಹಿಡಿಸುತ್ತದೆ.

ಸಿಹಿ, ಫರ್ಸಾಣ್ ಅಂಗಡಿಗಳನ್ನು ಬರೀ ತಿಂಡಿ ಕಟ್ಟಿಸಿಕೊಂಡು ಬರುವ ಜಾಗ ಅಂತ ಬಿಡಬೇಡಿ. ಸುಖಾಡಿಯಾ, ಮಿಠಾಸ್‌ನಂಥ ಕಡೆ ಕೂತು ಚಾಟ್ ತಿನ್ನಬಹುದು. ಭಾನುವಾರ ಬೆಳಗ್ಗೆ ಗುಜರಾತಿ ಅಂಗಡಿಗಳಲ್ಲಿ ಬಿಸಿ ಫಾಫ್ಡಾ, ಜಿಲೇಬಿ, ಜೊತೆಗೆ ಪಪಾಯಿಕಾಯಿಯ ಪಲ್ಯ. ಚಳಿಗಾಲದಲ್ಲಿ, ಸಂಕ್ರಾಂತಿ ಹತ್ತಿರ ಬಂದಾಗ, ಗೆಡ್ಡೆ, ತರಕಾರಿಗಳ ಮಿಶ್ರ ಪಲ್ಯವಾದ ಊಂಧಿಯುವನ್ನು ಪೌಂಡ್ ಲೆಕ್ಕದಲ್ಲಿ ಮಾರುತ್ತಾರೆ. ಅದು ಆ ಕಾಲ ಬಿಟ್ಟರೆ ಅಷ್ಟು ಚೆನ್ನಾಗಿ ಸಿಗುವುದಿಲ್ಲ.

ಬಿರಿಯಾನಿ: ಹೈದರಾಬಾದೋ, ಕರಾಚಿಯೋ?

ಹೈದರಾಬಾದಿ ಅಂತ ಬೋರ್ಡಿರುವ ಹೋಟೆಲುಗಳಲ್ಲಿ ಬಹಳಷ್ಟು ತೆಲುಗರದ್ದು. ಬಿರಿಯಾನಿ ಜೊತೆ ಮಿರ್ಚಿ ಕಾ ಸಾಲನ್, ರಾಯಿತ ಬರುತ್ತದೆ. ಖಾರ ಎಷ್ಟಿರಲಿ ಅಂತ ಕೇಳುತ್ತಾರೆ. ಮಕ್ಕಳಿದ್ದರೆ 'ಮೈಲ್ಡ್' ಅನ್ನಿ, ಯಾಕೆಂದರೆ ಅಲ್ಲಿನ 'ಮೀಡಿಯಂ' ನಮ್ಮ ಮನೆಯ ಖಾರಕ್ಕಿಂತ ಜೋರು. ಆದರೆ ದಮ್ ಬಿರಿಯಾನಿಯಲ್ಲಿ ಮಸಾಲೆ ಮೊದಲೇ ಮಾಂಸಕ್ಕೆ ಹತ್ತಿರುತ್ತದೆ, ಆಮೇಲೆ ಕಡಿಮೆ ಮಾಡುವುದಕ್ಕೆ ಬರುವುದಿಲ್ಲ. ಮಕ್ಕಳಿಗೆ ಬೇರೆ ಏನಾದರೂ ಹೇಳುವುದೇ ಕ್ಷೇಮ. ಇಂಥ ಕಡೆ ಬಿರಿಯಾನಿಯಷ್ಟೇ ಚೆನ್ನಾಗಿರುವುದು ಗೊಂಗುರ (ಪುಂಡಿ ಸೊಪ್ಪು) ಮಟನ್, ನಾಟುಕೋಳಿ ಸಾರಿನಂಥ ಆಂಧ್ರದ ಪದಾರ್ಥಗಳು. ಅವು ಮೆನುವಿನ ಒಳಪುಟದಲ್ಲಿರುತ್ತವೆ, ಹುಡುಕಬೇಕು.

ಪಾಕಿಸ್ತಾನಿಗಳ ಬಿರಿಯಾನಿಯಲ್ಲಿ ಆಲೂಗೆಡ್ಡೆ, ಒಣಗಿದ ಆಲೂಬುಖಾರದ ಹುಳಿ ಇರುತ್ತದೆ. ಅದೂ ಸೊಗಸೇ. ಆದರೆ ಅಲ್ಲಿಗೆ ಹೋಗಬೇಕಾದ್ದು ಮಾಂಸದ ದಪ್ಪ ಸಾರಾದ ನಿಹಾರಿಗೆ, ಸೀಖ್ ಕಬಾಬಿಗೆ, ತಂದೂರಿನಿಂದ ಆಗಷ್ಟೇ ತೆಗೆದ ನಾನ್‌ಗೆ. ನಿಹಾರಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಬೇಕು. ಹಾಗಾಗಿ ಕೆಲವು ಕಡೆ ವಾರದ ಕೊನೆಗೆ ಮಾತ್ರ ಮಾಡುತ್ತಾರೆ, ಫೋನ್ ಮಾಡಿ ಹೋಗಿ. ರಂಜಾನ್ ತಿಂಗಳಲ್ಲಿ ಸಂಜೆ ಇಫ್ತಾರಿನ ಹೊತ್ತಿಗೆ ಈ ಹೋಟೆಲುಗಳು ತುಂಬಿರುತ್ತವೆ, ಹಲೀಮ್ ಹೆಚ್ಚಾಗಿ ಸಿಗುವುದೂ ಆಗಲೇ. ಹಲಾಲ್ ಬೇಕಾದವರು ಹೈದರಾಬಾದಿ ಹೋಟೆಲಿನಲ್ಲೂ ಕೇಳಿಯೇ ಹೇಳಿ, ಎಲ್ಲ ಕಡೆಯೂ ಹಲಾಲ್ ಇರುತ್ತದೆ ಅಂತಿಲ್ಲ.

ಬೆಂಗಳೂರಿನ ದೊನ್ನೆ ಬಿರಿಯಾನಿ ನೆನೆಸಿಕೊಂಡು ಹೋದರೆ ಎರಡು ಕಡೆಯೂ ಅದು ಸಿಗದು. ಆ ಸಣ್ಣ ಜೀರಿಗೆ ಸಾಂಬಾ ಅಕ್ಕಿ, ಪುದೀನ-ಕೊತ್ತಂಬರಿಯ ಹಸಿರು ಮಸಾಲೆ ಇಲ್ಲಿನ ರೂಢಿಯಲ್ಲಿಲ್ಲ, ಎಲ್ಲರದ್ದೂ ಉದ್ದ ಬಾಸುಮತಿ. ಬಿರಿಯಾನಿಯ ದೊಡ್ಡ ಗುಣ ಅಂದರೆ ಪಾರ್ಸೆಲ್ ತಂದರೂ ಕೆಡುವುದಿಲ್ಲ. ಮನೆಗೆ ನೆಂಟರು ಬಂದಾಗ ಟ್ರೇ ಲೆಕ್ಕದಲ್ಲಿ ತರಿಸುವುದಕ್ಕೆ ಇದೇ ಸರಿ.

ಗೋಬಿ ಮಂಚೂರಿ, ಹಕ್ಕಾ ನೂಡಲ್ಸ್ ಬೇಕಾದವರಿಗೆ ಇಲ್ಲಿ ಇಂಡೋ-ಚೈನೀಸ್‌ಗೆಂದೇ ಇರುವ ಹೋಟೆಲುಗಳಿವೆ. ದೋಸೆ ಹೋಟೆಲಿನ ಗೋಬಿಗಿಂತ ಅಲ್ಲಿಯದೇ ವಾಸಿ. ಜೋರು ಉರಿಯ ಬಾಣಲೆ ಅಲ್ಲಿರುತ್ತದೆ.

ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗೆ

ಊರಿಂದ ಬಂದ ಅಪ್ಪ-ಅಮ್ಮನನ್ನು ಹೊರಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ಬಹಳ ಮನೆಗಳ ತಲೆನೋವು. ಮಾಧ್ವರ ಮನೆಗಳಲ್ಲಂತೂ ಕೇಳುವುದೇ ಬೇಡ. ಸಾಂಬಾರಿಗೆ ಈರುಳ್ಳಿ ಬಿದ್ದಿರುತ್ತದೆ, ದೋಸೆ ಪಲ್ಯಕ್ಕೂ ಬಿದ್ದಿರುತ್ತದೆ. ಸಸ್ಯಾಹಾರಿ ದಕ್ಷಿಣ ಭಾರತದ ಹೋಟೆಲೇ ಆದರೂ ಅವರಿಗೆ ತಿನ್ನುವುದಕ್ಕೆ ಬರೀ ಇಡ್ಲಿ, ಮೊಸರನ್ನ ಉಳಿಯುತ್ತದೆ.

ಇದಕ್ಕೆ ದಾರಿ ಗುಜರಾತಿ ಹೋಟೆಲಿನಲ್ಲಿದೆ. ಜೈನರ ಸಂಖ್ಯೆ ಇಲ್ಲಿ ಚೆನ್ನಾಗಿರುವುದರಿಂದ "ಜೈನ್" ಅಂದರೆ ಸಾಕು, ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಯಾವುದೂ ಇಲ್ಲದೆ ಮಾಡಿಕೊಡುತ್ತಾರೆ. ಚಾಟ್ ಕೂಡ ಹಸಿ ಬಾಳೆಕಾಯಿ ಹಾಕಿ ಮಾಡಿಕೊಡುವವರಿದ್ದಾರೆ. ವಿವರಿಸಿ ಹೇಳಬೇಕಾದ ಕಷ್ಟವಿಲ್ಲ, ಬಡಿಸುವವರಿಗೆ ಅದು ದಿನದ ಮಾತು. ಹೆಚ್ಚಿನ ಥಾಲಿ ಹೋಟೆಲುಗಳು ಪೂರ್ತಿ ಸಸ್ಯಾಹಾರಿ, ಪಾತ್ರೆ ಮುಟ್ಟಿತು ಅನ್ನುವ ಚಿಂತೆಯೂ ಇಲ್ಲ. ಮಾಂಸ ಮಾಡುವ ಹೋಟೆಲಿಗೆ ಹಿರಿಯರನ್ನು ಕರೆದುಕೊಂಡು ಹೋಗಬೇಕಾಗಿ ಬಂದರೆ ಎಣ್ಣೆ ಬಾಣಲೆ ಬೇರೆ ಇಟ್ಟಿದ್ದಾರಾ ಅಂತ ಮೊದಲೇ ಕೇಳಿ. ಕೂತ ಮೇಲೆ ಕೇಳಿದರೆ ಅವರಿಗೂ ಕಷ್ಟ, ನಿಮಗೂ ಕಷ್ಟ.

ಎಡಿಸನ್‌ನಲ್ಲೇ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಇದೆ. ಸುಗುಣೇಂದ್ರ ತೀರ್ಥ ಸ್ವಾಮೀಜಿಯವರು ಕಟ್ಟಿ ಬೆಳೆಸಿದ ದೇವಸ್ಥಾನ. ಹಬ್ಬ, ವಿಶೇಷ ಪೂಜೆಯ ದಿನ ಅಲ್ಲಿ ಪ್ರಸಾದದ ಊಟಕ್ಕೆ ಕೂತರೆ ಅಕ್ಕಪಕ್ಕ ಕನ್ನಡ, ತುಳು ಕಿವಿಗೆ ಬೀಳುತ್ತದೆ. ಅದನ್ನು ಹೋಟೆಲಿನ ಸಾಲಿಗೆ ಸೇರಿಸುವುದು ಸರಿಯಲ್ಲ. ಆದರೆ ಊರು ಬಿಟ್ಟು ಬಂದು ಒಂಟಿ ಅನಿಸುತ್ತಿರುವ ಅಪ್ಪ-ಅಮ್ಮನಿಗೆ ಯಾವ ಹೋಟೆಲಿಗಿಂತಲೂ ಅಲ್ಲಿ ಸಮಾಧಾನ ಸಿಗುವುದನ್ನು ಕಣ್ಣಾರೆ ನೋಡಿದ್ದೇನೆ. ಊಟದ ಸಮಯ ವಿಚಾರಿಸಿಕೊಂಡು ಹೋಗಿ, ಕೈಲಾದ ಕಾಣಿಕೆ ಹಾಕಿ.

ಮೂರು ತಲೆಮಾರು ಒಂದೇ ಕಾರಿನಲ್ಲಿ

ಅಜ್ಜಿಗೆ ಅನ್ನ-ಸಾರು, ಅಪ್ಪನಿಗೆ ಬಿರಿಯಾನಿ, ಹೈಸ್ಕೂಲಿನ ಮಗಳಿಗೆ ನೂಡಲ್ಸ್. ಇಂಥ ದಿನ ಎಲ್ಲವೂ ಇರುವ ಉದ್ದ ಮೆನುವಿನ ಹೋಟೆಲಿಗೆ ಹೋಗೋಣ ಅನಿಸುತ್ತದೆ. ಹೋದರೆ ಯಾರಿಗೂ ಪೂರ್ತಿ ಖುಷಿ ಆಗುವುದಿಲ್ಲ. ನಾನಾದರೆ ಅಜ್ಜಿಯನ್ನು ನೋಡಿ ಹೋಟೆಲ್ ಆರಿಸುತ್ತೇನೆ. ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲಿಗೆ ಮಧ್ಯಾಹ್ನ ಹೋಗಿ, ಅಜ್ಜಿಗೆ ಮೀಲ್ಸ್, ಮಿಕ್ಕವರಿಗೆ ದೋಸೆ. ಬಿರಿಯಾನಿ, ನೂಡಲ್ಸ್ ಬರುವಾಗ ಪಾರ್ಸೆಲ್ ತಗೊಂಡರೆ ರಾತ್ರಿಗೆ ಆಗುತ್ತದೆ. ಅವೆರಡೂ ಪಾರ್ಸೆಲ್ಲಿಗೆ ಒಗ್ಗುತ್ತವೆ, ಅಜ್ಜಿಯ ಬಿಸಿ ಊಟ ಒಗ್ಗುವುದಿಲ್ಲ. ಮೀಲ್ಸಿನ ಅನ್ನ ಯಾವುದು ಅಂತಲೂ ಕೇಳಿ. ಬಾಸುಮತಿಗೆ ಸಾರು ಕಲಸಿದರೆ ಹಿಡಿಯುವುದಿಲ್ಲ, ಸೋನಾ ಮಸೂರಿ ಆದರೆ ಅಜ್ಜಿ ಎರಡನೇ ಸಲ ಬಡಿಸಿಕೊಳ್ಳುತ್ತಾರೆ.

ಮಕ್ಕಳಿಗೆ ನಟ್ಸ್ ಅಲರ್ಜಿ ಇದ್ದರೆ ಉತ್ತರ ಭಾರತದ ಗ್ರೇವಿಗಳ ಬಗ್ಗೆ ತುಂಬಾ ಹುಷಾರಾಗಿರಿ. ಶಾಹಿ ಪನೀರ್, ಕುರ್ಮಾಗಳಿಗೆ ಗೋಡಂಬಿ ರುಬ್ಬಿ ಹಾಕಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಕಡಲೆಕಾಯಿ ಅಲರ್ಜಿ ಇದ್ದರೆ ತೆಲುಗರ ಚಟ್ನಿ ಪಕ್ಕಕ್ಕಿಡಿ.

ಬಿಲ್ಲು, ಹೊತ್ತು, ಗಾಡಿ

ಮೆನುವಿನ ಬೆಲೆ ಕೊನೆಯ ಬೆಲೆಯಲ್ಲ. ನ್ಯೂಜೆರ್ಸಿಯಲ್ಲಿ ಹೋಟೆಲ್ ಊಟಕ್ಕೆ 6.625 ಶೇಕಡಾ ಸೇಲ್ಸ್ ಟ್ಯಾಕ್ಸ್ ಇದೆ. 40 ಡಾಲರ್ ಊಟಕ್ಕೆ ಟ್ಯಾಕ್ಸ್ 2.65, ಶೇಕಡಾ 18ರಂತೆ ಟಿಪ್ 7.20, ಒಟ್ಟು 49.85. ಆರೇಳು ಜನ ಒಟ್ಟಿಗೆ ಹೋದರೆ ಕೆಲವು ಕಡೆ ಟಿಪ್ ಬಿಲ್ಲಿನಲ್ಲೇ ಸೇರಿರುತ್ತದೆ, ಎರಡು ಸಲ ಕೊಡಬೇಡಿ. ಕೌಂಟರಿನಲ್ಲಿ ಹೇಳಿ ನಾವೇ ತಟ್ಟೆ ತಂದುಕೊಳ್ಳುವ ಕಡೆ ಈ ಖರ್ಚು ಉಳಿಯುತ್ತದೆ. ಓದುವ ಮಕ್ಕಳಿಗೆ ಅಂಥ ಚಾಟ್ ಅಂಗಡಿಗಳೇ ಅನುಕೂಲ.

ಕುಡಿಯುವವರಿಗೆ ಒಂದು ವಿಷಯ. ಈ ರಾಜ್ಯದಲ್ಲಿ ಕೂತು ಕುಡಿಯುವ ಲೈಸೆನ್ಸನ್ನು ಊರಿನ 3,000 ಜನಕ್ಕೆ ಒಂದು ಅನ್ನುವ ಲೆಕ್ಕದಲ್ಲಿ ಕೊಡುತ್ತಾರೆ, ಹಾಗಾಗಿ ಅದು ದುಬಾರಿ. ಬಹಳ ಹೋಟೆಲುಗಳು ಲೈಸೆನ್ಸ್ ಇಲ್ಲದೆ, ಬಿಯರ್ ಅಥವಾ ವೈನ್ ನೀವೇ ತನ್ನಿ ಅನ್ನುತ್ತವೆ. ಸಸ್ಯಾಹಾರಿ ಹೋಟೆಲುಗಳಲ್ಲಿ ಇದು ನಡೆಯದೇ ಇರಬಹುದು, ಮೊದಲು ಕೇಳಿ.

ಮಧ್ಯಾಹ್ನ ಮೂರರಿಂದ ಐದರವರೆಗೆ ಹಲವು ಅಡುಗೆಮನೆ ಮುಚ್ಚಿರುತ್ತವೆ. ವಾರದಲ್ಲಿ ಒಂದು ದಿನ, ಹೆಚ್ಚಾಗಿ ಸೋಮವಾರವೋ ಮಂಗಳವಾರವೋ, ರಜೆ. ಭಾನುವಾರ ಸಂಜೆ ಗಾಡಿ ನಿಲ್ಲಿಸುವುದು ಕಷ್ಟ. ಪಟೇಲ್ ಬ್ರದರ್ಸ್‌ನಲ್ಲಿ ವಾರದ ಸಾಮಾನು ತರುವವರು, ಸೀರೆ ಅಂಗಡಿಗೆ ಬಂದವರು, ಊಟಕ್ಕೆ ಬಂದವರು ಎಲ್ಲರಿಗೂ ಅದೇ ರಸ್ತೆ. ನ್ಯೂಯಾರ್ಕ್‌ನಿಂದ ರೈಲಿನಲ್ಲಿ ಬರುವವರು ಮೆಟ್ರೋಪಾರ್ಕ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಇಸೆಲಿನ್ ಕಡೆಯ ಅಂಗಡಿಗಳಿಗೆ ನಡೆದೇ ಹೋಗಬಹುದು, ಚಳಿಗಾಲದಲ್ಲಿ ಮಾತ್ರ ಟ್ಯಾಕ್ಸಿ ಹಿಡಿಯಿರಿ.

ಇನ್ನು ನಮ್ಮ ಊಟ

ಅಕ್ಕಿರೊಟ್ಟಿ, ಮುದ್ದೆ-ಬಸ್ಸಾರು, ನೀರುದೋಸೆ, ಜೋಳದ ರೊಟ್ಟಿ-ಎಣ್ಣೆಗಾಯಿ. ಇವು ದಿನಾ ಸಿಗುವ ಹೋಟೆಲ್ ಅಂತ ಈ ರಸ್ತೆಯಲ್ಲಿ ಬೆರಳು ತೋರಿಸುವುದು ಕಷ್ಟ. ಇವು ಸಿಗುವುದು ಬೃಂದಾವನ ಕನ್ನಡ ಕೂಟದಂಥ ಸಂಘದ ಹಬ್ಬದ ಊಟಗಳಲ್ಲಿ, ಇಲ್ಲವೇ ಆರ್ಡರ್ ಮೇಲೆ ಮಾಡಿಕೊಡುವವರ ಹತ್ತಿರ. ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದರೆ ಹೆಸರುಗಳು ಸಿಗುತ್ತವೆ.

ಇಲ್ಲಿ ಒಂದು ಕಾನೂನು ತಿಳಿದಿರಬೇಕು. ಮನೆಯಲ್ಲಿ ಮಾಡಿದ ತಿನಿಸು ಮಾರುವುದಕ್ಕೆ ನ್ಯೂಜೆರ್ಸಿಯಲ್ಲಿ ಅನುಮತಿ ಸಿಕ್ಕಿದ್ದೇ 2021ರಲ್ಲಿ. ಅದೂ ಫ್ರಿಜ್ ಇಲ್ಲದೆ ಉಳಿಯುವಂಥವಕ್ಕೆ ಮಾತ್ರ, ಪರ್ಮಿಟ್ ತಗೊಂಡು. ಸಾರು, ಪಲ್ಯ, ಅನ್ನ ಮಾರಬೇಕಾದರೆ ಲೈಸೆನ್ಸ್ ಇರುವ ಅಡುಗೆಮನೆಯಲ್ಲೇ ಮಾಡಬೇಕು. ಐವತ್ತು ಜನರ ನಾಮಕರಣದ ಊಟ ಒಪ್ಪಿಸುವಾಗ "ಎಲ್ಲಿ ಅಡುಗೆ ಮಾಡುತ್ತೀರಿ?" ಅಂತ ಕೇಳುವುದಕ್ಕೆ ಸಂಕೋಚ ಬೇಡ. ಸರಿಯಾಗಿ ಕೆಲಸ ಮಾಡುವವರು ಖುಷಿಯಿಂದಲೇ ಹೇಳುತ್ತಾರೆ. ಬಿಸಿಬೇಳೆಬಾತ್, ಪುಳಿಯೋಗರೆ, ಹೋಳಿಗೆ ಟ್ರೇಯಲ್ಲಿ ಚೆನ್ನಾಗಿ ಬರುತ್ತವೆ. ಮುದ್ದೆ, ಅಕ್ಕಿರೊಟ್ಟಿ ಬೇಕಿದ್ದರೆ ಅಲ್ಲೇ ಬಂದು ಮಾಡಿಕೊಡುತ್ತಾರಾ ಅಂತ ವಿಚಾರಿಸಿ. ಯುಗಾದಿ, ಗೌರಿ-ಗಣೇಶದ ವಾರ ಎಲ್ಲರ ಕೈ ತುಂಬಿರುತ್ತದೆ. ಆಗ ಹತ್ತು ಹದಿನೈದು ದಿನ ಮೊದಲೇ ಹೇಳಿಡಿ.